ಓಲೆಯ ತಿಥಿ, ದಾಖಲೆಯ ತಾರೀಖು

ಇತಿಹಾಸವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವವು ಶಿಲಾಶಾಸನಗಳು, ತಾಮ್ರಪಟಗಳು, ಅರಸರ ವಂಶಾವಳಿಗಳು. ಒಂದು ಊರಿನ ಸಾಮಾನ್ಯ ಜನರು ಏನನ್ನು ಉಂಡರು, ಯಾರಲ್ಲಿ ಕಡ ತಂದರು, ಮಕ್ಕಳನ್ನು ಎಂದು ಶಾಲೆಗೆ ಕಳುಹಿದರು ಎಂಬುದನ್ನು ತಿಳಿಸುವ ಸಾಮಗ್ರಿಯಾದರೋ ಅಟ್ಟದ ಧೂಳಿನಲ್ಲಿ ಬಿದ್ದಿರುತ್ತದೆ. ಸೇವಾನಿವೃತ್ತನಾದ ಮೇಲೆ ನಮ್ಮೂರ ಮಠದ ಉಗ್ರಾಣದಲ್ಲಿದ್ದ ಹಳೆಯ ಕಟ್ಟುಗಳನ್ನು ಬಿಚ್ಚಿ, ಒರೆಸಿ, ಪಟ್ಟಿಮಾಡುವಂತೆ ಪೂಜ್ಯರು ನನಗೆ ಅಪ್ಪಣೆಯಿತ್ತರು. ಆ ಕೆಲಸದಲ್ಲಿ ಕಂಡ ಕೆಲವು ಸಂಗತಿಗಳನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶ.

ಉಗ್ರಾಣದಲ್ಲಿ ಮೂರು ಬಗೆಯ ಸಾಮಗ್ರಿಯಿತ್ತು: ಓಲೆಗರಿಯ ಕಟ್ಟುಗಳು, ಮಠದ ದಾಸೋಹದ ಲೆಕ್ಕಪತ್ರಗಳು, ಹಾಗೂ ಮಠದ ಆವರಣದಲ್ಲಿಯೇ ನಡೆಯುತ್ತಿದ್ದ ಶಾಲೆಯ ದಾಖಲಾತಿ ಪುಸ್ತಕಗಳು. ಆ ಶಾಲೆಯಲ್ಲಿ ನಾನು ಅಕ್ಷರ ಕಲಿತೆ. ಮುಂದೆ ಅಲ್ಲಿಯೇ ಮಾಸ್ತರನಾಗಿ ಅಕ್ಷರ ಕಲಿಸಿದೆ.

ಮೊದಲು ಓಲೆಗಳ ಮಾತು. ಒಂದು ಕಟ್ಟಿನಲ್ಲಿ ವಚನಗಳ ಪ್ರತಿಯಿತ್ತು. ಕಂಠದಿಂದ ಕೊರೆದ ಅಕ್ಷರಗಳಿಗೆ ಮಸಿ ಪೂಸಿ ಅಷ್ಟಿಷ್ಟು ಓದುವಂತಾದಾಗ ಕೊನೆಯ ಗರಿಯಲ್ಲಿ ಲಿಪಿಕಾರನ ಬಿನ್ನಹ ಕಂಡಿತು. ಇಂಥ ಬಿನ್ನಹಗಳ ರೀತಿ ಹಸ್ತಪ್ರತಿ ನೋಡಿದವರಿಗೆಲ್ಲ ಪರಿಚಿತ. ಬೆನ್ನು, ಸೊಂಟ, ಕುತ್ತಿಗೆ ಮುರಿಯುವಂತೆ ಬಾಗಿ ಬರೆದೆನೆಂದು ಒಬ್ಬನು ಹೇಳಿಕೊಳ್ಳುತ್ತಾನೆ. ನೀರಿನಿಂದಲೂ ಎಣ್ಣೆಯಿಂದಲೂ ಸಡಿಲು ಕಟ್ಟಿನಿಂದಲೂ ಪುಸ್ತಕವನ್ನು ಕಾಪಾಡಿರಿ, ಮೂರ್ಖನ ಕೈಗೆ ಮಾತ್ರ ಕೊಡಬೇಡಿರಿ ಎಂದು ಇನ್ನೊಬ್ಬನು ಬೇಡುತ್ತಾನೆ. ನಮ್ಮ ಲಿಪಿಕಾರನು ಅಷ್ಟೊಂದು ಹೇಳಿಲ್ಲ. ಅಕ್ಷರ ತಪ್ಪಿದ್ದರೆ ಶರಣರು ತಿದ್ದಿಕೊಂಡು ಓದಬೇಕೆಂದು ಬೇಡಿ, ಪರಾಭವ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ತಪ್ಪದೆ ನಮೂದಿಸಿ ನಿಲ್ಲಿಸಿದ್ದಾನೆ. ಆದರೆ ಶಕವರ್ಷವನ್ನು ಬರೆದಿಲ್ಲ! ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರಿನ ಸಂವತ್ಸರ ಮರಳಿ ಬರುತ್ತದೆ. 1786ರಲ್ಲಿ ಮೊದಲಾದದ್ದೂ ಪರಾಭವ, 1846ರದ್ದೂ ಪರಾಭವ, 1906ರದ್ದೂ ಪರಾಭವ. ಕೆಲಸ ಮುಗಿಸಿದ ವಾರವನ್ನು ಸಹ ಹೇಳಿದ ಪುಣ್ಯಾತ್ಮನು ಶತಮಾನವನ್ನು ಮಾತ್ರ ನಮ್ಮ ಊಹೆಗೆ ಬಿಟ್ಟುಹೋದನಲ್ಲಾ ಎಂದು ನಾನು ಒಬ್ಬನೇ ಕುಳಿತು ನಕ್ಕೆ.

ನಗೆಯ ಬೆನ್ನಿಗೆ ಕೃತಜ್ಞತೆಯೂ ಮೂಡಿತು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಇಂಥ ಓಲೆಗಳನ್ನು ಊರೂರು ಅಲೆದು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಹೆಸರು ಹೇಳದ ಲಿಪಿಕಾರರು ಬೆನ್ನು ಬಾಗಿಸಿರದಿದ್ದರೆ ಅವರಿಗಾದರೂ ಕೂಡಿಸಲು ಏನಿರುತ್ತಿತ್ತು?

ಇನ್ನು ಶಾಲೆಯ ಪುಸ್ತಕಗಳು. ಇವುಗಳಲ್ಲಿ ವರ್ಷ, ತಿಂಗಳು, ತಾರೀಖು ಎಲ್ಲವೂ ಸ್ಪಷ್ಟ. ಆದರೆ ಪುಟ ತಿರುವಿದಂತೆ ಒಂದು ವಿಚಿತ್ರ ಕಂಡಿತು. ನಮ್ಮೂರ ಮಕ್ಕಳಲ್ಲಿ ಹೆಚ್ಚಿನವರು ಜೂನ್ 1ರಂದೇ ಹುಟ್ಟಿದ್ದಾರೆ! ಎರಡು ವರ್ಷ ಅಂತರದ ಅಣ್ಣತಮ್ಮಂದಿರು ಒಂದೇ ದಿನ ಶಾಲೆಗೆ ಸೇರಿದ್ದರಿಂದ ದಾಖಲೆಯಲ್ಲಿ ಅವಳಿಗಳಾಗಿದ್ದಾರೆ. ಇದರ ಕಾರಣ ಹಿಂದಿನ ಮಾಸ್ತರರಿಗೆಲ್ಲ ಗೊತ್ತು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಆದದ್ದೇ 1969ರಲ್ಲಿ. ಅದು ಹಳ್ಳಿಯ ಮನೆಮನೆಯ ರೂಢಿಯಾಗಲು ಇನ್ನೆಷ್ಟೋ ವರ್ಷ ಬೇಕಾದವು. ತಾಯಿತಂದೆಗಳಿಗೆ ತಾರೀಖು ತಿಳಿಯದು. ಪುಸ್ತಕದ ಅಂಕಣವನ್ನು ಖಾಲಿ ಬಿಡುವಂತಿಲ್ಲ. ಶಾಲೆ ತೆರೆಯುವ ಕಾಲ ಜೂನ್. ಮಾಸ್ತರರು ಮಗುವಿನ ಮುಖ ನೋಡಿ ವರ್ಷವನ್ನು ನಿರ್ಧರಿಸಿ, ಜೂನ್ 1 ಎಂದು ಬರೆದುಬಿಡುತ್ತಿದ್ದರು.

ನಾನು ನಗುತ್ತ ಓದುತ್ತಿದ್ದೆ. 1985ರ ಪುಸ್ತಕ ಬಿಚ್ಚಿದಾಗ ನಗೆ ನಿಂತಿತು. ಅಲ್ಲಿದ್ದುದು ನನ್ನದೇ ಅಕ್ಷರ. ಒಂದೇ ಪುಟದಲ್ಲಿ ಹನ್ನೊಂದು ಮಕ್ಕಳಿಗೆ ನಾನೇ ಜೂನ್ 1ನ್ನು ಕೊಟ್ಟಿದ್ದೆ. ಆ ತಾಯಂದಿರು ಏನನ್ನೂ ಹೇಳದೆ ಇದ್ದವರಲ್ಲ. ಒಬ್ಬಳು ಜಾತ್ರೆಯ ಮರುದಿನವೆಂದಳು. ಒಬ್ಬಳು ನಾಗರಪಂಚಮಿಯ ಬೆಳಗಿನ ಜಾವವೆಂದಳು. ಪಂಚಾಂಗ ನೋಡಿ ತಾರೀಖು ತೆಗೆಯುವಷ್ಟು ವ್ಯವಧಾನವಿಲ್ಲದ ನಾನು ತಲೆಯಲ್ಲಾಡಿಸಿ ನನಗೆ ತೋರಿದ್ದನ್ನು ಬರೆದೆ. ಓಲೆಯ ಲಿಪಿಕಾರನು ಶತಮಾನ ತಿಳಿಸದಿದ್ದರೂ ಹೇಳಿದ ತಿಥಿ ಸತ್ಯ; ನಾನು ಎಲ್ಲವನ್ನೂ ತಿಳಿಸಿದೆನಾದರೂ ತಿಳಿಸಿದ್ದು ಸುಳ್ಳು. ಅವನು ಕ್ಷಮೆ ಬೇಡಿದ್ದಾನೆ, ನಾನು ಬೇಡಲಿಲ್ಲ.

ನನ್ನ ಸ್ವಂತ ಜನ್ಮದಿನವೂ ಇದೇ ಬಗೆಯದು. ದಾಖಲೆಯಂತೆ ನಾನು ಹುಟ್ಟಿದ್ದು 1961ರ ಜೂನ್ 1. ತಿಂಗಳ ಮೊದಲ ದಿನ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕೆಂಬುದು ನಿಯಮ. ಅದರಂತೆ 2021ರ ಮೇ 31ರಂದು, ಮಹಾಮಾರಿಯ ನಿರ್ಬಂಧಗಳ ನಡುವೆ, ಬೀಳ್ಕೊಡುಗೆಯ ಸಭೆಯೂ ಇಲ್ಲದೆ ಶಾಲೆಯ ಬೀಗದ ಕೈಯನ್ನು ಒಪ್ಪಿಸಿ ಮನೆಗೆ ಬಂದೆ. ನಮ್ಮ ಅವ್ವ ಮಾತ್ರ ಬದುಕಿರುವತನಕ ಬೇರೊಂದು ಮಾತು ಹೇಳುತ್ತಿದ್ದಳು: “ಹೊಲದಾಗ ಬಾವಿ ತಗಿಸಿದ ವರ್ಷ, ಸೀಗಿ ಹುಣ್ಣಿವಿ ದಿನ ನೀ ಹುಟ್ಟೀದಿ. ನಿಮ್ಮಪ್ಪ ಚರಗ ಚೆಲ್ಲಿ ಬರೂದ್ರಾಗ ನೀ ಬಂದಿದ್ದಿ.” ಓದಿದವನೆಂಬ ಹಮ್ಮಿನಲ್ಲಿ ನಾನು ಅದನ್ನು ಕಥೆಯೆಂದು ಬಗೆದಿದ್ದೆ.

ಮೂರನೆಯದು ದಾಸೋಹದ ಲೆಕ್ಕ. ಹಳೆಯವು ಕಡತಗಳು, ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿ, ಬಳಪದಿಂದ ಬರೆದವು. ಈಚಿನವು ಕಾಗದದ ಕಿರ್ದಿಗಳು. ಈ ಕಿರ್ದಿ ಬರೆದ ಕಾರಕೂನರು ಬಲು ಹಟದವರು. 1957ರ ಏಪ್ರಿಲ್ 1ರಂದು ನಯೇ ಪೈಸೆ ಜಾರಿಗೆ ಬಂದರೂ ಅವರು ಆಣೆಯನ್ನು ಬಿಡಲೊಲ್ಲರು. ಆಣೆಗೆ ಆರೂಕಾಲು ಪೈಸೆ ಬೀಳುವುದರಿಂದ ಪ್ರತಿ ಪುಟದ ಕೆಳಗೆ ಕಾಲು ಪೈಸೆ, ಅರೆ ಪೈಸೆ ಉಳಿಯುತ್ತದೆ; ಅದನ್ನು ಬಿಡದೆ ಮುಂದಿನ ಪುಟಕ್ಕೆ ಹೊತ್ತು ತಂದಿದ್ದಾರೆ. ಸಾರ್ವಜನಿಕರ ದುಡ್ಡಿನಲ್ಲಿ ಕಾಲು ಪೈಸೆಯೂ ಕಾಣೆಯಾಗಬಾರದೆಂಬ ಈ ನಿಷ್ಠೆಯನ್ನು ಕಾಯಕವೆನ್ನದೆ ಮತ್ತೇನೆನ್ನಬೇಕು? ಅವರು ಸಂವತ್ಸರ, ತಿಥಿಗಳ ಪಕ್ಕದಲ್ಲಿ ಇಸವಿ, ತಾರೀಖುಗಳನ್ನೂ ಬರೆಯುತ್ತಿದ್ದರೆಂಬುದು ನನ್ನ ಭಾಗ್ಯ.

1961ರ ಕಿರ್ದಿ, ಪ್ಲವ ಸಂವತ್ಸರ. ಚೈತ್ರದಲ್ಲಿ ನಮ್ಮ ತಂದೆಯ ಹೆಸರು ಬಂದಿತು: ಬಾವಿ ತೋಡುವ ಕೂಲಿಯವರ ಊಟಕ್ಕೆಂದು ಎರಡು ಚೀಲ ಜೋಳ ಕಡ. ಎದುರಿಗೆ ಅವರ ಹೆಬ್ಬೆಟ್ಟಿನ ಗುರುತು. ಕೈ ನಡುಗುತ್ತ ಆಶ್ವೀಜದ ಪುಟಗಳನ್ನು ತಿರುವಿದೆ. ಶುದ್ಧ ಹುಣ್ಣಿಮೆಯ ಎರಡು ದಿನದ ಮೇಲೆ, ಬಹುಳ ಬಿದಿಗೆಯಂದು, ಅದೇ ಹೆಸರಿನ ಮುಂದೆ ತುಪ್ಪ, ಒಣಕೊಬ್ಬರಿ, ಬೆಲ್ಲ. ಕಾರಣದ ಅಂಕಣದಲ್ಲಿ, ಮನೆಯಲ್ಲಿ ಗಂಡು ಹಡೆದ ಬಾಣಂತಿಗೆಂದು ಒಕ್ಕಣೆ. ಮರುವರ್ಷದ ಸುಗ್ಗಿಯಲ್ಲಿ ಎರಡು ಚೀಲ ಜೋಳ ಜಮೆಯಾಗಿದೆ. ತುಪ್ಪ, ಕೊಬ್ಬರಿಗಳನ್ನು ಕಡದ ಅಂಕಣದಲ್ಲಿ ಬರೆದೇ ಇಲ್ಲ. ಅವು ದಾಸೋಹಕ್ಕೆ ಸೇರಿವೆ. ಆ ಹೊತ್ತಿನಲ್ಲಿ ಕನ್ನಡಕ ತೆಗೆದು ಒರೆಸಿಕೊಂಡೆ. ಧೂಳಿನ ನೆಪ ಹೇಳಲು ಎದುರಿಗೆ ಯಾರೂ ಇರಲಿಲ್ಲ.

ಅವ್ವನ ಮಾತು ಕಥೆಯಾಗಿರಲಿಲ್ಲ. ಅವಳದು ಓಲೆಯ ಲಿಪಿಕಾರನ ಕಾಲಗಣನೆ: ಶಕವರ್ಷವಿಲ್ಲ, ತಿಥಿ ಮಾತ್ರ ನಿಶ್ಚಿತ. ಬಾವಿಯ ವರ್ಷ ಯಾವುದೆಂದು ತಿಳಿಸಲು ಮತ್ತೊಂದು ದಾಖಲೆ ಬೇಕಾಗಿತ್ತು, ಅಷ್ಟೆ. ಸರ್ಕಾರದ ಲೆಕ್ಕದಲ್ಲಿ ಸುಮಾರು ಐದು ತಿಂಗಳ ಸೇವೆ ನನಗೆ ತಪ್ಪಿತೆಂಬುದು ಈಗ ನಗುವ ವಿಷಯ. ನಾನು ಬರೆದ ಮಕ್ಕಳ ವಿಷಯ ಹಾಗಲ್ಲ. ನೂರು ವರ್ಷದ ಮೇಲೆ ಯಾರಾದರೂ ಈ ಪುಸ್ತಕವನ್ನು ನಂಬಿ ನಮ್ಮೂರ ಚರಿತ್ರೆ ಬರೆದರೆ ಅವರನ್ನು ದಾರಿತಪ್ಪಿಸಿದವನು ನಾನೇ.

ಶಾಲೆಯ ದಾಖಲೆಯನ್ನು ತಿದ್ದುವ ಅಧಿಕಾರ ನನಗಿಲ್ಲ, ತಿದ್ದಲೂ ಬಾರದು. ಆದ್ದರಿಂದ ಬೇರೊಂದು ಪುಸ್ತಕ ಹೊಲಿಸಿದ್ದೇನೆ. ಆ ಹನ್ನೊಂದು ಮನೆಗಳಿಗೆ ಹೋಗಿ ಬದುಕಿರುವ ತಾಯಂದಿರನ್ನು, ಅಜ್ಜಿಯರನ್ನು ಕೇಳಿ ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ. ಈವರೆಗೆ ಏಳು ಮನೆಗಳಾಗಿವೆ. ಎರಡು ಮನೆಗಳಲ್ಲಿ ಹೇಳುವವರೇ ಉಳಿದಿರಲಿಲ್ಲ. ಒಬ್ಬ ಮುದುಕಿ, “ಅಂದs ಹೇಳಿದ್ನೆಲ್ಲರೀ ಮಾಸ್ತರ, ನೀವs ಬರಕೊಳ್ಳಲಿಲ್ಲ” ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಮಠಗಳ, ಮನೆಗಳ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೆ. ವಚನದ ಕಟ್ಟುಗಳನ್ನು ಪೂಜಿಸಿ ಇಡುತ್ತೀರಿ. ಜೋಳ, ಬೆಲ್ಲಗಳ ಕಿರ್ದಿಯನ್ನು ರದ್ದಿಯೆಂದು ನೀರೊಲೆಗೆ ಹಾಕಬೇಡಿರಿ. ಮನೆಯಲ್ಲಿ ಮುದುಕರಿದ್ದರೆ ಅವರು ಹೇಳುವ ಹುಣ್ಣಿಮೆ, ಅಮಾವಾಸ್ಯೆಗಳನ್ನು ಇಂದೇ ಬರೆದಿಡಿರಿ.

ಹೊಸ ಪುಸ್ತಕದ ಮೊದಲ ಪುಟದಲ್ಲಿ, ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕೆಂದು ನಾನೂ ಬರೆದಿದ್ದೇನೆ. ಸಂವತ್ಸರದ ಜೊತೆಗೆ ಇಸವಿಯನ್ನೂ ಮರೆಯದೆ ನಮೂದಿಸಿದ್ದೇನೆ.