ಉಡಾನ್ ಚಕ್: ಉತ್ತರ ಪ್ರದೇಶದ ಹಿಡುವಳಿ ಕ್ರೋಡೀಕರಣ ಮತ್ತು ವ್ಯಾಜ್ಯಗಳು

ಜಮೀನ್ದಾರಿ ಪದ್ಧತಿಯ ನಿರ್ಮೂಲನದ ತರುವಾಯ ಉತ್ತರ ಪ್ರದೇಶದ ಗ್ರಾಮಜೀವನವನ್ನು ಆಳವಾಗಿ ಕಲಕಿದ ಶಾಸನಗಳಲ್ಲಿ 1953ರ ಹಿಡುವಳಿಗಳ ಕ್ರೋಡೀಕರಣ ಅಧಿನಿಯಮ ಮುಖ್ಯವಾದುದು. ಜನರ ಬಾಯಲ್ಲಿ ಅದು ‘ಚಕ್‌ಬಂದಿ’. ಕಂದಾಯ ಸಚಿವರಾಗಿದ್ದ ಚರಣ್ ಸಿಂಗ್ ಅವರ ಒತ್ತಾಸೆಯಿಂದ ರೂಪುಗೊಂಡ ಈ ಕಾರ್ಯವು 1954ರಲ್ಲಿ ಅಂದಿನ ಮುಜಫ್ಫರನಗರ ಜಿಲ್ಲೆಯ ಕೈರಾನಾ ಹಾಗೂ ಸುಲ್ತಾನಪುರ ಜಿಲ್ಲೆಯ ಮುಸಾಫಿರಖಾನಾ ತಹಸೀಲುಗಳಲ್ಲಿ ಆರಂಭಗೊಂಡಿತು. ಊರಿನ ನಾಲ್ಕು ದಿಕ್ಕಿಗೆ ಚದುರಿದ್ದ ತುಂಡು ಹೊಲಗಳಿಗೆ ಬದಲಾಗಿ, ಅವುಗಳ ಮೌಲ್ಯಕ್ಕೆ ಸಮನಾದ ಒಟ್ಟು ನೆಲವನ್ನು, ಎಂದರೆ ‘ಚಕ್’ ಅನ್ನು, ರೈತನಿಗೆ ನೀಡುವುದು ಇದರ ಉದ್ದೇಶ. ಉದ್ದೇಶದ ಬಗೆಗೆ ತಕರಾರು ಕಡಿಮೆ. ಚಕ್ ಎಲ್ಲಿ ಬೀಳುತ್ತದೆ ಎಂಬುದರ ಬಗೆಗೇ ತಕರಾರೆಲ್ಲ.

ಇದನ್ನು ಗ್ರಹಿಸಲು ಆ ಸೀಮೆಯ ನೆಲದ ಹೆಸರುಗಳತ್ತ ಗಮನ ಹರಿಸಬೇಕು. ಊರಿಗೆ ಅಂಟಿಕೊಂಡ, ಗೊಬ್ಬರ ಉಂಡ ಹೊಲ ‘ಗೋಇಂಡ್’, ನಡುವಿನದು ‘ಮಂಝಾ’, ಎಲ್ಲೆಯಂಚಿನದು ‘ಪಾಲೋ’. ನಮ್ಮ ಎರೆ, ಮಸಾರಿಗಳು ಮಣ್ಣಿನ ಗುಣವನ್ನು ಸೂಚಿಸಿದರೆ ಇವು ಮನೆಯಿಂದ ಇರುವ ದೂರವನ್ನು, ಆ ಮೂಲಕ ಗೊಬ್ಬರ ಮತ್ತು ಕಾವಲಿನ ಸೌಕರ್ಯವನ್ನು ಸೂಚಿಸುತ್ತವೆ. ಕ್ರೋಡೀಕರಣದಲ್ಲಿ ಪ್ರತಿ ತಾಕಿಗೂ ವಿನಿಮಯ ದರ ನಿಗದಿಯಾಗುತ್ತದೆ. ಕಡಿಮೆ ದರದ ನೆಲಕ್ಕೆ ಹೋಗುವವನಿಗೆ ವಿಸ್ತೀರ್ಣ ಹೆಚ್ಚು ದೊರೆಯುತ್ತದೆ. ಲೆಕ್ಕ ಸರಿತೂಗುತ್ತದೆ, ಆದರೆ ಗೋಇಂಡ್ ಕಳೆದುಕೊಂಡವನಿಗೆ ಪಾಲೋದ ಹೆಚ್ಚುವರಿ ಬಿಸ್ವಾಗಳು ಸಮಾಧಾನ ತರುವುದಿಲ್ಲ.

ಅಧಿನಿಯಮದ 19ನೆಯ ಪ್ರಕರಣವು ಈ ಸಂಕಟವನ್ನು ಊಹಿಸಿದೆ. ರೈತನ ಹಿಡುವಳಿಯ ಬಹುಭಾಗ ಎಲ್ಲಿದೆಯೋ ಅಲ್ಲಿಯೇ ಸಾಧ್ಯವಾದಷ್ಟೂ ಚಕ್ ಕೊಡಬೇಕು; ಅವನ ಸ್ವಂತ ಬಾವಿಯಿರುವ ತಾಕು ಅವನಿಗೇ ಸಲ್ಲಬೇಕು; ಮೇಲಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಮೂರಕ್ಕಿಂತ ಹೆಚ್ಚು ಚಕ್‌ಗಳಿರಕೂಡದು. ‘ಸಾಧ್ಯವಾದಷ್ಟೂ’ ಎಂಬ ಮಾತೇ ವ್ಯಾಜ್ಯಗಳ ತವರು. ರೈತನ ಒಂದು ತಾಕೂ ಇರದಿದ್ದ ಕಡೆ ಬಿದ್ದ ಚಕ್‌ಗೆ ‘ಉಡಾನ್ ಚಕ್’, ಹಾರಿಹೋದ ಚಕ್ ಎಂದು ಹೆಸರು. ಒಕ್ಕಲಿನ ಕಹಿ ಅನುಭವವನ್ನು ಹೊತ್ತ ಈ ಪದ ನ್ಯಾಯಾಲಯದ ಆದೇಶಗಳನ್ನೂ ಹೊಕ್ಕಿದೆ. ಜಾನಪದ ಶಬ್ದವೊಂದು ಕಾನೂನಿನ ಪರಿಭಾಷೆಯಾದುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ವಿರಳ.

ಆಕ್ಷೇಪಣೆಯು ಕ್ರೋಡೀಕರಣಾಧಿಕಾರಿಯಿಂದ ಮೇಲ್ಮನವಿಗೆ, ಅಲ್ಲಿಂದ 48ನೆಯ ಪ್ರಕರಣದ ಪುನರೀಕ್ಷಣೆಗೆ, ಕಡೆಗೆ ಉಚ್ಚ ನ್ಯಾಯಾಲಯದ ರಿಟ್‌ಗೆ ಏರುತ್ತದೆ. ಸಿವಿಲ್ ನ್ಯಾಯಾಲಯದ ಬಾಗಿಲನ್ನು 49ನೆಯ ಪ್ರಕರಣ ಬಹುಮಟ್ಟಿಗೆ ಮುಚ್ಚಿದೆ. ಮೂಲತಃ ಶೂನ್ಯವಾದ ಕ್ರಯಪತ್ರವನ್ನು ಕ್ರೋಡೀಕರಣಾಧಿಕಾರಿಗಳೇ ಕಡೆಗಣಿಸಬಹುದು, ರದ್ದುಪಡಿಸಿದ ಹೊರತು ಊರ್ಜಿತವಾಗಿರುವ ಪತ್ರಕ್ಕೆ ಮಾತ್ರ ಸಿವಿಲ್ ದಾವೆ ಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ವಿಂಗಡಿಸಿತು. ಓದು ಬಾರದ ಕೃಷಿಕನ ಪಾಲಿಗೆ ಈ ಸೂಕ್ಷ್ಮವು ವಕೀಲರಿಗೆ ತೆರುವ ಇನ್ನೊಂದು ಶುಲ್ಕವೇ ಸರಿ.

ಮುಚ್ಚಿದ ಬಾಗಿಲಿನಿಂದ ಹೆಚ್ಚು ನೊಂದವರು ಕಚೇರಿಗೆ ತಾವೇ ಹೋಗದ ಪಾಲುದಾರರು, ವಿಶೇಷವಾಗಿ ವಿಧವೆಯರು. ಗಂಡನ ಬಂಧುಗಳ ಭರವಸೆಯನ್ನು ನಂಬಿ ಆಕ್ಷೇಪಣೆ ಸಲ್ಲಿಸದಿದ್ದ ವಿಧವೆಯೊಬ್ಬಳ ಹೆಸರು ಕ್ರೋಡೀಕರಣದ ವೇಳೆ ದಾಖಲೆಯಿಂದ ಮರೆಯಾಗಿತ್ತು. ವಂಚನೆಯ ಮುಂದೆ 49ನೆಯ ಪ್ರಕರಣದ ತಡೆ ನಿಲ್ಲದು, ಹೆಸರು ಬಿಟ್ಟುಹೋದ ಮಾತ್ರಕ್ಕೆ ಸಹಪಾಲುದಾರಳ ಹಕ್ಕು ಅಳಿಯದು ಎಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಕೆಯ ಪಾಲನ್ನು ಎತ್ತಿಹಿಡಿಯಿತು. ಅಷ್ಟು ದೂರ ನಡೆಯಲಾರದವರ ಪಾಲು ಏನಾಯಿತೆಂಬುದನ್ನು ತೀರ್ಪುಗಳ ಸಂಪುಟಗಳು ಹೇಳುವುದಿಲ್ಲ. ಅದನ್ನು ಊರಿನ ಮೌಖಿಕ ನೆನಪಿನಲ್ಲಿಯೇ ಅರಸಬೇಕು.

ಕರ್ನಾಟಕದಲ್ಲಿ 1966ರ ತುಂಡು ಜಮೀನು ತಡೆ ಮತ್ತು ಕ್ರೋಡೀಕರಣ ಅಧಿನಿಯಮವು 1991ರಲ್ಲಿ ರದ್ದಾಯಿತು. ಉತ್ತರ ಪ್ರದೇಶದಲ್ಲಿಯಾದರೋ 52ನೆಯ ಪ್ರಕರಣದ ಅಧಿಸೂಚನೆಯ ಮೂಲಕ ಊರಿನ ಚಕ್‌ಬಂದಿ ಮುಗಿಯಿತೆಂದು ಸಾರಿದ ಮೇಲೂ, ಬಾಕಿಯುಳಿದ ರಿಟ್ ಅಥವಾ ಪ್ರಕರಣದ ಆದೇಶವನ್ನು ಜಾರಿಗೊಳಿಸುವ ಮಟ್ಟಿಗೆ ಅದು ಮುಗಿದೇ ಇಲ್ಲವೆಂದು ಭಾವಿಸಬೇಕೆಂಬುದು ಅದೇ ಪ್ರಕರಣದ ವಿಧಿ.