ತಿಪ್ಪೆಯ ಕುಂಬಳ: ತಾನಾಗಿ ಹುಟ್ಟಿದ ಮಿಶ್ರತಳಿಗಳ ಹಿನ್ನೆಲೆ

ತಿಪ್ಪೆಯ ಮೇಲೆ ಯಾರೂ ಊರದೆ ಹುಟ್ಟಿದ ಕುಂಬಳದ ಬಳ್ಳಿಯನ್ನು ಕೀಳದೆ ಬಿಟ್ಟರೆ, ಒಮ್ಮೊಮ್ಮೆ ಹಿಂದೆಂದೂ ಕಾಣದ ಕಾಯಿ ಬಿಡುತ್ತದೆ. ಜೋಪಾನವಾಗಿ ತೆಗೆದಿಟ್ಟ ಬೀಜದಲ್ಲೂ ಹೀಗಾಗುವುದುಂಟು. ಆಗ ‘ಬೀಜ ಕೆಟ್ಟಿತು’ ಎನ್ನುವುದು ರೂಢಿ. ನಿಜವಾಗಿ ಬೀಜ ಕೆಟ್ಟಿರುವುದಿಲ್ಲ. ಹಿಂದಿನ ಹಂಗಾಮಿನ ಒಂದು ಬೆಳಗ್ಗೆ ಹೂವಿನಲ್ಲಿ ಆದ ಬೆರಕೆ ಈಗ ಕಣ್ಣಿಗೆ ಬಿದ್ದಿದೆ, ಅಷ್ಟೆ. ಯಾವ ಬೆರಕೆ ಆಗಬಲ್ಲದು, ಯಾವುದು ಆಗದು, ಯಾವುದನ್ನು ಬಾಯಿಗೆ ಹಾಕಬಾರದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕುಂಬಳದ ಹೂವು ಬೆಳಕು ಹರಿಯುವ ಹೊತ್ತಿಗೆ ಅರಳಿ, ಬಿಸಿಲೇರುತ್ತಿದ್ದಂತೆ ಮುದುಡುತ್ತದೆ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಅರಳುವ ಮೊದಲೇ ಪುಟ್ಟ ಹೀಚು ಇರುತ್ತದೆ. ಪರಾಗ ದಪ್ಪ, ಅಂಟು, ಗಾಳಿಗೆ ಹಾರುವಂಥದ್ದಲ್ಲ. ಅದನ್ನು ಹೊತ್ತು ತರುವುದು ನಮ್ಮಲ್ಲಿ ತುಡುವೆ, ಹೆಜ್ಜೇನಿನಂಥ ನೊಣಗಳು. ಅಮೆರಿಕದಲ್ಲಿ ಕುಂಬಳದ ಪರಾಗವನ್ನೇ ನೆಚ್ಚಿದ ಒಂಟಿ ಜೇನುಗಳೂ ಇವೆ. ಜೇನಿಗೆ ಬೇಲಿ ಲೆಕ್ಕಕ್ಕಿಲ್ಲ. ಕುಂಬಳದ ಬೀಜೋತ್ಪಾದನೆಯಲ್ಲಿ ತಳಿಯಿಂದ ತಳಿಗೆ ಅರ್ಧದಿಂದ ಒಂದು ಕಿಲೋಮೀಟರ್ ಅಂತರ ಕೇಳುವುದು ಇದಕ್ಕೇ. ಹಿತ್ತಿಲಿನಲ್ಲಿ ಅಷ್ಟು ಜಾಗ ಯಾರಿಗಿದೆ?

ಬೆರಕೆಯಾದ ವರ್ಷ ಕಾಯಿಯಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಸಿಪ್ಪೆ, ತಿರುಳು ಎರಡೂ ತಾಯಿಬಳ್ಳಿಯ ಅಂಗಾಂಶ. ಪರಪರಾಗದ ಪಾಲು ಇರುವುದು ಒಳಗಿನ ಬೀಜದ ಭ್ರೂಣದಲ್ಲಿ. ಹಾಗಲದ ಪಕ್ಕ ಹಾಕಿದ್ದಕ್ಕೆ ಈ ಸಲದ ಸೌತೆ ಕಹಿಯಾಯಿತು ಎಂಬ ಮಾತು ಆದ್ದರಿಂದ ನಿಲ್ಲುವುದಿಲ್ಲ. ಹೋಗಲಿ, ಹಾಗಲಕ್ಕೂ ಸೌತೆಗೂ ಬೆರಕೆಯೇ ಆಗದು, ಕುಲವೇ ಬೇರೆ. ಸಿಹಿಗುಂಬಳ ಮತ್ತು ಬೂದುಗುಂಬಳದ ವಿಷಯವೂ ಅಷ್ಟೇ, ಹೆಸರಿನಲ್ಲಿ ಮಾತ್ರ ನೆಂಟಸ್ತಿಕೆ.

ಬೆರೆಯುವುದು ಹೆಚ್ಚಾಗಿ ಒಂದೇ ಪ್ರಭೇದದೊಳಗೆ. ಕುಕುರ್ಬಿಟಾ ಕುಲದ ಪ್ರಭೇದಗಳಿಗೆ ತಲಾ 40 ವರ್ಣತಂತುಗಳಿದ್ದರೂ ಅವುಗಳ ನಡುವಿನ ಸಂಕರ ಸುಲಭವಲ್ಲ. ನಮ್ಮ ಸಿಹಿಗುಂಬಳ ಕುಕುರ್ಬಿಟಾ ಮಾಸ್ಕಾಟಾ; ಅದನ್ನು ಕುಕುರ್ಬಿಟಾ ಮ್ಯಾಕ್ಸಿಮಾ ಜೊತೆ ಸೇರಿಸಿ ಜಪಾನಿನಲ್ಲಿ ಪಡೆದ ‘ಟೆಟ್ಸುಕಬುಟೊ’ ತಳಿಯ ಗಂಡು ಹೂ ಬಂಜೆ, ಕಾಯಿ ಕಟ್ಟಲು ಬೇರೆ ಬಳ್ಳಿಯ ಪರಾಗ ಬೇಕು. ಈ ಎರಡೂ ಪ್ರಭೇದಗಳ ಹೆಸರಿಗೆ ಅಂಟಿಕೊಂಡಿರುವುದು ಫ್ರಾನ್ಸಿನ ಆಂತ್ವಾನ್ ನಿಕೊಲಾ ಡ್ಯೂಶೆನ್‌ನ ಹೆಸರು. ನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದ ಕುಂಬಳಗಳನ್ನು ಆತ ಸಂಕರಿಸಿ ನೋಡಿ, 1786ರಲ್ಲಿ ಪ್ರಬಂಧ ಪ್ರಕಟಿಸಿದ. ಮೆಂಡೆಲನಿಗಿಂತ ಎಷ್ಟೋ ಮೊದಲು ನಡೆದ ಈ ಕೆಲಸಕ್ಕೆ ಸಸ್ಯಶಾಸ್ತ್ರದ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಮೆರಿಕ, ಯುರೋಪಿನ ಹಿತ್ತಿಲುಗಳಲ್ಲಿ ಅಚ್ಚರಿಯ ಕಾಯಿಗಳು ಹೆಚ್ಚಲು ಮೂರನೆಯ ಪ್ರಭೇದವಾದ ಕುಕುರ್ಬಿಟಾ ಪೆಪೊ ಕಾರಣ. ಝುಕಿನಿ, ಏಕಾರ್ನ್ ಸ್ಕ್ವಾಷ್, ಹ್ಯಾಲೋವೀನ್ ಕುಂಬಳ, ಅಂದಕ್ಕೆಂದು ಬೆಳೆಸುವ ಬಣ್ಣಬಣ್ಣದ ಬುರುಡೆಗಳು, ಎಲ್ಲವೂ ಪೆಪೊ. ಎಲ್ಲವೂ ಒಂದರೊಡನೊಂದು ಸಲೀಸಾಗಿ ಬೆರೆಯುತ್ತವೆ. ಅಂಗಡಿಯಿಂದ ತಂದ ಹೈಬ್ರಿಡ್ ಕಾಯಿಯ ಬೀಜವಾದರೆ ಹೊರಗಿನ ಪರಾಗವೂ ಬೇಡ, ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು ನಾನಾ ರೂಪ ತಾಳುತ್ತವೆ.

ಅಪಾಯ ಇರುವುದೂ ಇಲ್ಲೇ. ಕಾಡುಕುಂಬಳದ ಕಾಯಿ ಕಡುಕಹಿ. ಕಾರಣ ಕುಕುರ್ಬಿಟಾಸಿನ್ ಎಂಬ ವಿಷ. ಮ್ಯಾಸ್ಟೊಡಾನ್ ಎಂಬ ಅಳಿದುಹೋದ ಆನೆಸಂಬಂಧಿಯ ಲದ್ದಿಯ ಪಳೆಯುಳಿಕೆಯಲ್ಲಿ ಇಂಥ ಕಾಯಿಗಳ ಬೀಜಗಳು ಸಿಕ್ಕಿವೆ. ದೊಡ್ಡ ಪ್ರಾಣಿಗಳಿಗೆ ಆ ಕಹಿ ಅಷ್ಟಾಗಿ ಹತ್ತುತ್ತಿರಲಿಲ್ಲ ಎಂದು 2015ರ ಒಂದು ಅಧ್ಯಯನ ವಾದಿಸುತ್ತದೆ. ಮನುಷ್ಯ ಕಹಿಯಿಲ್ಲದ ಬಳ್ಳಿಗಳನ್ನು ಆರಿಸುತ್ತ ಬಂದ. ಮೆಕ್ಸಿಕೋದ ಓಹಾಕಾದ ಗಿಲಾ ನಕಿಟ್ಸ್ ಗುಹೆಯಲ್ಲಿ ದೊರೆತ ಪೆಪೊ ಬೀಜಗಳಿಂದ ಈ ಬೇಸಾಯಕ್ಕೆ ಸುಮಾರು 10,000 ವರ್ಷ ಎಂದು ಬ್ರೂಸ್ ಸ್ಮಿತ್ 1997ರಲ್ಲಿ ತೋರಿಸಿದರು. ಆದರೆ ಕಹಿಯ ವಂಶವಾಹಿ ಪ್ರಬಲ. ಅಂದದ ಬುರುಡೆಗಳಲ್ಲಿ ಅದು ಉಳಿದಿದೆ. ಅಲ್ಲಿಂದ ಬಂದ ಪರಾಗ ಝುಕಿನಿಯ ಹೂವಿಗೆ ತಾಗಿದರೆ ಆ ವರ್ಷದ ಕಾಯಿ ರುಚಿಯಾಗಿಯೇ ಇರುತ್ತದೆ. ಅದರ ಬೀಜದಿಂದ ಹುಟ್ಟಿದ ಬಳ್ಳಿಯಲ್ಲಿ, ನೋಡಲು ಥೇಟ್ ಝುಕಿನಿಯಂಥದೇ ಕಾಯಿಯಲ್ಲಿ, ವಿಷ ಮರಳಿರಬಹುದು. ಜರ್ಮನಿಯ ಹೈಡೆನ್‌ಹೈಮ್‌ನಲ್ಲಿ 2015ರಲ್ಲಿ ನೆರೆಯವರು ತೋಟದಲ್ಲಿ ಬೆಳೆದ ಕಹಿ ಝುಕಿನಿ ತಿಂದು ವೃದ್ಧರೊಬ್ಬರು ತೀರಿಕೊಂಡರು. ಬೇಯಿಸಿದರೆ ಈ ವಿಷ ಹೋಗುವುದಿಲ್ಲ.

ಕರ್ನಾಟಕದ ಹಿತ್ತಿಲಲ್ಲಿ ಸಾಮಾನ್ಯವಾಗಿ ಸಿಹಿಗುಂಬಳವೊಂದೇ ಇರುವುದರಿಂದ ಬೆರಕೆಯಾದರೂ ಗಾತ್ರ, ಬಣ್ಣ, ಸಿಹಿಯ ವ್ಯತ್ಯಾಸದಲ್ಲಿ ಮುಗಿಯುತ್ತದೆ. ಅಂಥ ಬಳ್ಳಿಯನ್ನು ಧಾರಾಳವಾಗಿ ಬೆಳೆಸಬಹುದು. ಇಲ್ಲಿ ಎಚ್ಚರ ಬೇಕಿರುವುದು ಸೋರೆಯಲ್ಲಿ. ಅದರ ಕಹಿಗೂ ಇದೇ ಕುಕುರ್ಬಿಟಾಸಿನ್ ಕಾರಣ. ದೆಹಲಿಯಲ್ಲಿ 2010ರಲ್ಲಿ ಕಹಿ ಸೋರೆರಸ ಕುಡಿದು ಸಂಭವಿಸಿದ ಸಾವಿನ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ನೀಡಿದ ಸಲಹೆ ಸರಳ: ಮೊದಲು ಚೂರು ತಿಂದು ನೋಡಿ, ಕಹಿಯಿದ್ದರೆ ಎಸೆಯಿರಿ. ಸೌತೆಯ ತುದಿ ಕೊಯ್ದು ನಾಲಿಗೆಗೆ ತಾಗಿಸಿ ನೋಡುವ ನಮ್ಮ ಅಡುಗೆಮನೆಯ ಅಭ್ಯಾಸವನ್ನು ಸೋರೆಗೂ ತಾನಾಗಿ ಹುಟ್ಟಿದ ಪ್ರತಿ ಕುಂಬಳಕ್ಕೂ ಅನ್ವಯಿಸಬೇಕು. ವಿದೇಶದ ಹಿತ್ತಿಲಲ್ಲಿ ತರಕಾರಿ ಬೆಳೆಯುವ ಕನ್ನಡಿಗರಿಗೆ ಇದು ಇನ್ನೂ ಹೆಚ್ಚು ಅಗತ್ಯ.

ತಳಿ ಉಳಿಸಲು ಬೀಜ ಇಡುವವರು ಸಂಜೆಯೇ, ಮರುದಿನ ಅರಳಲಿರುವ ಗಂಡು ಮತ್ತು ಹೆಣ್ಣು ಮೊಗ್ಗುಗಳ ತುದಿಯನ್ನು ದಾರದಿಂದ ಕಟ್ಟಬೇಕು. ಬೆಳಗ್ಗೆ ಗಂಡು ಹೂವಿನ ಎಸಳು ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ ತೊಟ್ಟಿಗೆ ಗುರುತು ಹಾಕಿದರೆ ಸಾಕು. ದೇಸಿ ಬೀಜಮೇಳಗಳಲ್ಲಿ ಕೈಬದಲಾಗುವ ಪೊಟ್ಟಣಗಳ ಮೇಲೆ ತಳಿಯ ಹೆಸರಿನ ಜೊತೆಗೆ, ಅದು ಹೀಗೆ ಕಟ್ಟಿ ಪಡೆದ ಬೀಜವೋ ಜೇನು ಕಟ್ಟಿಸಿದ ಕಾಯಿಯದೋ ಎಂಬುದನ್ನೂ ಬರೆಯುವಂತಾಗಬೇಕು. ಮೇಳ ನಡೆಸುವವರು ಮುಂದಿನ ಹಂಗಾಮಿನಿಂದಲೇ ಇದನ್ನು ಆರಂಭಿಸಲಿ.