ಓಲಗ, ಒಡ್ಡೋಲಗ, ವಾಲಗ

ಹುಣಸೂರು, ಪಿರಿಯಾಪಟ್ಟಣದ ಕಡೆ ಮದುವೆ ನಿಶ್ಚಯವಾದ ಮನೆಯಲ್ಲಿ ಮೊದಲ ವಾರವೇ ಕೇಳಿಬರುವ ಮಾತು: ‘ವಾಲಗದೋರಿಗೆ ವೀಳ್ಯ ಕೊಟ್ರಾ?’ ಛತ್ರ, ಅಡುಗೆ, ವಾಲಗ ಇವು ಮೂರು ಗೊತ್ತಾದರೆ ಮಿಕ್ಕಿದ್ದು ಹೇಗೋ ಆಗುತ್ತದೆ. ವಾಲಗವೆಂದರೆ ನಾಗಸ್ವರ, ಡೋಲು, ಶ್ರುತಿ, ತಾಳ. ಅವನ್ನು ನುಡಿಸುವ ನಾಲ್ಕೈದು ಜನರ ಗುಂಪಿಗೂ ಅದೇ ಹೆಸರು, ಅವರು ನುಡಿಸುವ ಸಂಗೀತಕ್ಕೂ ಅದೇ ಹೆಸರು, ಎಷ್ಟೋ ಊರುಗಳಲ್ಲಿ ನಾಗಸ್ವರವೆಂಬ ಒಂದು ವಾದ್ಯಕ್ಕೇ ಆ ಹೆಸರು. ವೀರನಹೊಸಹಳ್ಳಿಯಂಥ ಕಾಡಂಚಿನ ಊರಿನಲ್ಲಿ ಈ ಪದವನ್ನು ದಿನನಿತ್ಯದ ಉಪ್ಪು, ರಾಗಿಯಷ್ಟೇ ಸಲೀಸಾಗಿ ಬಳಸುತ್ತಾರೆ. ಅದರೊಳಗೆ ಒಂದು ರಾಜಸಭೆಯೇ ಕೂತಿದೆ.

ಪದದ ಹಳೆಯ ರೂಪ ಓಲಗ. ಪಂಪ 941ರಲ್ಲಿ ಭಾರತ ಬರೆಯುವ ಹೊತ್ತಿಗೆ ಓಲಗವೆಂದರೆ ಅರಸನ ಆಸ್ಥಾನ, ಅರಸ ಸಿಂಹಾಸನದಲ್ಲಿ ಕೂತು ಎಲ್ಲರಿಗೂ ಕಾಣಿಸಿಕೊಳ್ಳುವ ಸಭೆ. ಸಾಮಂತರು, ಮಂತ್ರಿಗಳು, ಕವಿಗಳು, ಗಾಯಕರು ಎಲ್ಲ ನೆರೆದಿದ್ದರೆ ಅದು ಒಡ್ಡೋಲಗ. ಅರಸ ಓಲಗವನ್ನು ‘ಕೊಡುತ್ತಿದ್ದ’, ಬಂದವರು ಅವನನ್ನು ‘ಓಲಗಿಸುತ್ತಿದ್ದರು’. ಸಭೆ ಮುಗಿದರೆ ಓಲಗ ‘ಹರೆಯುತ್ತಿತ್ತು’; ಕುಮಾರವ್ಯಾಸನನ್ನು ಗಮಕದಲ್ಲಿ ಕೇಳಿದವರಿಗೆ ಈ ಮಾತಿನ ಪರಿಚಯವಿದೆ. ತಮಿಳಿನ ಓಲಕ್ಕಂ, ತೆಲುಗಿನ ಓಲಗಮು ಇದರ ನೆಂಟರು. ಹೀಗಾಗಿ ಇದು ಸಂಸ್ಕೃತದಿಂದ ಬಂದ ಅರಮನೆಯ ಮಾತಲ್ಲ, ದ್ರಾವಿಡ ನೆಲದ್ದೇ.

ಅದಕ್ಕೆ ಮೊದಲಿನಿಂದಲೂ ಎರಡು ಮುಖ. ಒಂದು ಸಭೆ, ಇನ್ನೊಂದು ಸೇವೆ. ಕೂತವನ ಕಡೆಯಿಂದ ನೋಡಿದರೆ ಓಲಗ ದರ್ಬಾರು, ನಿಂತವನ ಕಡೆಯಿಂದ ನೋಡಿದರೆ ಅದು ಊಳಿಗ. ಹರಿದಾಸರು ಈ ಎರಡನೆಯದನ್ನು ಹಿಡಿದು ಅರಸನ ಜಾಗದಲ್ಲಿ ಹರಿಯನ್ನು ಕೂರಿಸಿದರು. ಅವರಿಗೆ ಓಲಗವೆಂದರೆ ದೇವರ ಸೇವೆ. ಅದೇ ಕುಟುಂಬದ ‘ಓಲೈಸು’ ಇವತ್ತು ಪತ್ರಿಕೆಗಳ ರಾಜಕೀಯ ಪುಟದಲ್ಲಿ ‘ಓಲೈಕೆ’ಯಾಗಿ ಬೈಗುಳದ ಹತ್ತಿರ ಬಂದು ನಿಂತಿದೆ.

ಓಲಗ ವಾಲಗವಾದದ್ದು ನಮ್ಮ ನಾಲಗೆಯ ಅಭ್ಯಾಸದಿಂದ. ಕಿವಿಯ ಓಲೆ ವಾಲೆಯಾಯಿತು, ಓರೆ ವಾರೆಯಾಯಿತು. ಸಭೆಗೆ ಸೇರಿದ್ದ ಹೆಸರು ಸಂಗೀತಕ್ಕೆ ದಾಟಿದ್ದನ್ನು ಊಹಿಸುವುದೂ ಕಷ್ಟವಲ್ಲ. ಅರಸ ಓಲಗಕ್ಕೆ ಬರುವಾಗ ವಾದ್ಯ ಮೊಳಗಬೇಕು, ಏಳುವಾಗಲೂ ಮೊಳಗಬೇಕು. ದೇವಸ್ಥಾನದಲ್ಲಿ ದೇವರೇ ದೊರೆ, ಅಲ್ಲಿಯೂ ಇದೇ ಕ್ರಮ. ಕೋಟೆಯ ಹೊರಗೆ, ಗುಡಿಯ ಅಂಗಳದಲ್ಲಿ ನಿಂತ ಜನಕ್ಕೆ ಒಳಗಿನ ಸಿಂಹಾಸನ ಕಾಣುತ್ತಿರಲಿಲ್ಲ, ಮಂಗಳವಾದ್ಯ ಮಾತ್ರ ಕೇಳುತ್ತಿತ್ತು. ಕೇಳಿಸಿದ್ದನ್ನೇ ಅವರು ಓಲಗವೆಂದು ಕರೆದಿರಬೇಕು. ಇದು ನನ್ನ ತರ್ಕ. ಆದರೆ ಪದ ಉಳಿದದ್ದು ಎಲ್ಲಿ ಎಂದು ನೋಡಿದಾಗ ಈ ತರ್ಕಕ್ಕೆ ಬಲ ಬರುತ್ತದೆ: ಅರಸರು ಹೋದರು, ಆಸ್ಥಾನದ ಅರ್ಥ ಪುಸ್ತಕ ಸೇರಿತು, ವಾದ್ಯದ ಅರ್ಥ ಮಾತ್ರ ಹಳ್ಳಿ ಹಳ್ಳಿಯಲ್ಲಿ ಜೀವಂತವಾಗಿದೆ.

ಒಡ್ಡೋಲಗ ಇನ್ನೊಂದು ದಾರಿ ಹಿಡಿಯಿತು. ಕರಾವಳಿಯ ಯಕ್ಷಗಾನದಲ್ಲಿ ಪಾತ್ರಗಳು ಮೊದಲ ಬಾರಿ ರಂಗಕ್ಕೆ ಬರುವ ವೈಭವದ ಕುಣಿತಕ್ಕೆ ಒಡ್ಡೋಲಗ ಎಂದೇ ಹೆಸರು. ಅಲ್ಲಿ ಸಭೆ ಕೂರುವುದಿಲ್ಲ, ಕುಣಿಯುತ್ತದೆ. ಶಿವರಾಮ ಕಾರಂತರು ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದಾಗ ಸಂಪ್ರದಾಯಸ್ಥರು ಒಪ್ಪಲಿಲ್ಲ. ಚೆಂಡೆಯ ಎದುರು ಸ್ಯಾಕ್ಸೋಫೋನ್ ಕೂರಿಸುವ ಧೈರ್ಯಕ್ಕೆ ಬೆಂಗಳೂರಿನ ಯಾವ ಹೊಸ ಬ್ಯಾಂಡಿಗೂ ಕಾಯಬೇಕಾಗಿರಲಿಲ್ಲ ಎನ್ನುವುದನ್ನು ನಾವು ನೆನಪಿಡಬೇಕು.

ವಾಲಗದ ಸಂಗೀತ ಎಂಥದ್ದೆಂದು ತಿಳಿಯಬೇಕಾದರೆ ಗಟ್ಟಿಮೇಳದ ಹೊತ್ತಿನಲ್ಲಿ ಧಾರೆಯ ಮಂಟಪದ ಕಡೆಗೆ ಬೆನ್ನು ತಿರುಗಿಸಿ ವಾಲಗದವರನ್ನೇ ನೋಡಬೇಕು. ಅದುವರೆಗೆ ನಾಗಸ್ವರದವರು ಒಂದು ರಾಗವನ್ನು ನಿಧಾನಕ್ಕೆ ಬಿಡಿಸುತ್ತ ಕೂತಿರುತ್ತಾರೆ. ಕಣ್ಣು ಮಾತ್ರ ಪುರೋಹಿತರ ಕೈ ಮೇಲೆ. ಕೈ ಮೇಲೆದ್ದು ‘ಗಟ್ಟಿಮೇಳ, ಗಟ್ಟಿಮೇಳ’ ಎಂಬ ಕೂಗು ಬಿದ್ದ ಕ್ಷಣ, ನುಡಿಸುತ್ತಿದ್ದ ಕೃತಿ ಎಲ್ಲಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಡೋಲಿನವರು ಒಂದು ಕಡೆ ಕೋಲು, ಇನ್ನೊಂದು ಕಡೆ ಗವಸು ತೊಟ್ಟ ಬೆರಳುಗಳಿಂದ ಮಳೆಗರೆದಂತೆ ಬಾರಿಸತೊಡಗುತ್ತಾರೆ, ನಾಗಸ್ವರ ತಾರಸ್ಥಾಯಿಗೆ ಹಾರುತ್ತದೆ. ಅಪಶಕುನದ ಸೀನೊಂದು, ಅಳುವೊಂದು ಮಾಂಗಲ್ಯದ ಹೊತ್ತಿಗೆ ಕಿವಿಗೆ ಬೀಳಬಾರದೆಂದು ಈ ಏರ್ಪಾಟು ಎನ್ನುತ್ತಾರೆ. ಎಷ್ಟು ಹೊತ್ತು ನುಡಿಸಬೇಕು, ಎಲ್ಲಿ ಇಳಿಸಬೇಕು ಎಂಬುದು ಯಾವ ಬರಹದಲ್ಲೂ ಇಲ್ಲ. ಮೂರು ಗಂಟು ಬಿದ್ದು ಅಕ್ಷತೆ ಹಾರುವವರೆಗೆ ಎಳೆಯಬೇಕು, ಗಂಟು ಬಿದ್ದ ಮೇಲೆ ಮಂಗಳಕ್ಕೆ ತಿರುಗಿಸಬೇಕು. ಎದುರಿಗಿರುವ ಜನ, ಆ ಗಳಿಗೆ, ನುಡಿಸುವವರ ಉಸಿರು ಮೂರೂ ಸೇರಿ ಸಂಗೀತದ ಉದ್ದಗಲ ತೀರ್ಮಾನವಾಗುತ್ತದೆ. ಜಾಝ್ ಕಲಾವಿದರು ತಮ್ಮ ಕಲೆಯ ಜೀವಾಳವೆಂದು ಹೇಳಿಕೊಳ್ಳುವುದೂ ಇದನ್ನೇ.

ಈಗಿನ ಬ್ಯಾಂಡುಗಳು ಜನಪದಕ್ಕೆ ಬೆರೆಸುವ ಜಾಝ್ ಮತ್ತು ಫಂಕ್ ಎಂಬ ಪದಗಳಿಗೂ ಸಣ್ಣ ಜಾಗದಿಂದ ಬಂದ ಚರಿತ್ರೆಯಿದೆ. ಜಾಝ್ ಎಂಬುದು ಮೊದಲು ಅಚ್ಚಾದದ್ದು ಸಂಗೀತದ ಬಗ್ಗೆ ಅಲ್ಲ. 1912–13ರ ಕ್ಯಾಲಿಫೋರ್ನಿಯಾದ ಬೇಸ್‌ಬಾಲ್ ವರದಿಗಳಲ್ಲಿ, ಹುರುಪು, ಕಸುವು ಎಂಬ ಅರ್ಥದಲ್ಲಿ. ಷಿಕಾಗೋದಲ್ಲಿ 1915ರ ಸುಮಾರಿಗೆ ಅದು ಸಂಗೀತಕ್ಕೆ ಅಂಟಿತು. ಆ ಸಂಗೀತವಾದರೋ ಅದಕ್ಕೂ ಮೊದಲೇ ನ್ಯೂ ಆರ್ಲಿಯನ್ಸಿನ ಕಪ್ಪು ಜನರ ಬೀದಿ ಬ್ಯಾಂಡುಗಳಲ್ಲಿ, ಮೆರವಣಿಗೆ, ಶವಯಾತ್ರೆಗಳಲ್ಲಿ ಬೆಳೆದಿತ್ತು. ಫಂಕ್ ಎಂದರೆ ದುರ್ವಾಸನೆ, ಬೆವರು ಕಮಟಿದ ವಾಸನೆ. ಮೂಗು ಮುಚ್ಚಿಕೊಳ್ಳುವ ಆ ಪದವನ್ನೇ ಕಪ್ಪು ಸಂಗೀತಗಾರರು ಹೆಮ್ಮೆಯ ಪದವಾಗಿ ಎತ್ತಿಕೊಂಡರು. 1960ರ ದಶಕದಲ್ಲಿ ಜೇಮ್ಸ್ ಬ್ರೌನ್ ತನ್ನ ತಂಡದವರೆಲ್ಲ ಆವರ್ತದ ಮೊದಲ ಪೆಟ್ಟಿನ ಮೇಲೆ ಒಟ್ಟಿಗೆ ಬಂದು ಬೀಳಬೇಕೆಂದು ಪಟ್ಟು ಹಿಡಿದಾಗ ಫಂಕ್‌ನ ನಡೆ ಖಚಿತವಾಯಿತು. ಡೋಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಮಕ್ಕೆ ಬಂದು ಕೂಡುವುದು ಅವರ ಬಾಲಪಾಠ.

ಸ್ಯಾಕ್ಸೋಫೋನಿಗೆ 1846ರಲ್ಲಿ ಪ್ಯಾರಿಸ್‌ನಲ್ಲಿ ಹಕ್ಕುಪತ್ರ ಪಡೆದ ಅಡಾಲ್ಫ್ ಸ್ಯಾಕ್ಸ್‌ನ ಕಣ್ಣ ಮುಂದೆ ಇದ್ದದ್ದು ಸೇನೆಯ ಬ್ಯಾಂಡು. ಆ ವಾದ್ಯ ಮೈಸೂರು ಅರಮನೆಯ ಬ್ಯಾಂಡಿಗೆ ಬಂದು ಸೇರಿತು. ಅಂದರೆ ಹಳೆಯ ಅರ್ಥದ ಓಲಗಕ್ಕೇ ಬಂದು ಸೇರಿತು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ, ತಂದೆಯಿಂದ ನಾಗಸ್ವರವನ್ನೇ ಕಲಿತವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಬೆರಳಿನಿಂದ ಕೀಲಿ ಒತ್ತಿ ನುಡಿಸುವ ಲೋಹದ ವಾದ್ಯದಲ್ಲಿ ಗಮಕ ತೆಗೆಯುವುದು ಆಗುವ ಮಾತಲ್ಲವೆಂದು ಹೇಳುತ್ತಿದ್ದ ಕಾಲ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ವಾದ್ಯವನ್ನೂ ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡು, ಸುಮಾರು ಇಪ್ಪತ್ತು ವರ್ಷದ ಸಾಧನೆಯಲ್ಲಿ ಅದನ್ನು ಕರ್ನಾಟಕ ಸಂಗೀತಕ್ಕೆ ಒಲಿಸಿಕೊಂಡರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರ ನುಡಿಸಾಣಿಕೆ ಕೇಳಿ ಜೊತೆಗೂಡಿದರು. 1994ರಲ್ಲಿ ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಕಛೇರಿ ಮಾಲೆಯಲ್ಲಿ ನುಡಿಸಿದರು. 2008ರಲ್ಲಿ ರುದ್ರೇಶ್ ಮಹಾಂತಪ್ಪ ಎಂಬ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ಕಲಾವಿದರ ಜೊತೆ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ ಬಂತು.

ಇದರ ಎದುರು ದಿಕ್ಕಿನಿಂದ ನಡೆದು ಬಂದವರು ಚಾರ್ಲಿ ಮೇರಿಯಾನೊ. ಬಾಸ್ಟನ್ನಿನವರು, 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ಹೆಸರಾಂತ ಧ್ವನಿಮುದ್ರಣದಲ್ಲಿ ಸ್ಯಾಕ್ಸೋಫೋನ್ ನುಡಿಸಿದ್ದ ಪಳಗಿದ ಜಾಝ್ ಕಲಾವಿದ. ಮಲೇಷ್ಯಾದಲ್ಲಿದ್ದಾಗ ನಾಗಸ್ವರದ ದನಿ ಕೇಳಿ ಅದರ ಬೆನ್ನು ಹತ್ತಿದರು, ಭಾರತಕ್ಕೆ ಬಂದು ಅದನ್ನು ಕಲಿತರು. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಗಾಯಕಿ ಆರ್.ಎ. ರಮಾಮಣಿ ಮತ್ತು ಮೇರಿಯಾನೊ ಕೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಣ ಮಾಡಿದರು. ಅದರಲ್ಲಿ ರಮಾಮಣಿಯವರ ಕಂಠ ಹಾಡುವುದಷ್ಟೇ ಅಲ್ಲ, ಲಯದ ಸೊಲ್ಲುಗಳನ್ನು ಹಿಡಿದು ಸ್ಯಾಕ್ಸೋಫೋನಿನ ಜೊತೆ ಸಮಸಮಕ್ಕೆ ಸಂಭಾಷಿಸುತ್ತದೆ. ನನ್ನ ಮಟ್ಟಿಗೆ ಕನ್ನಡ ನೆಲದ ಜಾಝ್ ಎಂದು ಕರೆಯಬಹುದಾದ ಸಂಗೀತ ಅಲ್ಲಿದೆ. ನಾಗಸ್ವರದಿಂದ ಸ್ಯಾಕ್ಸೋಫೋನಿಗೆ ಹೋದ ನಮ್ಮವರು, ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ ಬಂದ ಅವರು: ವಾಲಗದ ದಾರಿಯಲ್ಲಿ ಎರಡೂ ಕಡೆಯಿಂದ ಹೆಜ್ಜೆ ಬಿದ್ದಿವೆ.

ಈಗಿನ ಬ್ಯಾಂಡ್ ಸಂಜೆಗಳ ಕಥೆ ಹೆಚ್ಚು ಜನಕ್ಕೆ ಗೊತ್ತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರಿನ ಮೇಲೆ ಲೋಕ ಸುತ್ತಿಸಿದರು. ಅವರ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ದಲ್ಲಿ ಜನಪದದ ಧಾಟಿಯನ್ನು ರಾಕ್‌ಗೆ ಬೆಸೆದರು. 1996ರಿಂದ ನುಡಿಸುತ್ತಿರುವ ಬೆಂಗಳೂರಿನ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ಜಾಝ್, ಫಂಕ್ ಎರಡರ ರುಚಿಯನ್ನೂ ಹತ್ತಿಸಿತು. ಇಂಥ ಒಂದು ಸಂಜೆಗೆ ಹೋದರೆ ಬೇಸ್ ಗಿಟಾರಿನ ತಿರುಗುಮುರುಗು ನಡೆಯ ಮೇಲೆ ಕಂಸಾಳೆಯ ತಾಳ ಬೀಳುವುದನ್ನು, ಡ್ರಮ್ಸ್ ಸೆಟ್ಟಿನ ಪಕ್ಕ ತಮಟೆ ಕಾಯಿಸಿ ನಿಲ್ಲಿಸಿರುವುದನ್ನು ಕಾಣಬಹುದು. ನನಗೆ ಇದು ನಿಜವಾದ ಸಂತೋಷ. ಹಾಡಿನ ನಡುವೆ ಒಬ್ಬರು ಬಿಟ್ಟುಕೊಟ್ಟ ಜಾಗವನ್ನು ಇನ್ನೊಬ್ಬರು ತುಂಬುವಾಗ, ಮಂಟೇಸ್ವಾಮಿಯ ನೀಲಗಾರರು ಕಥೆ ಎತ್ತುವುದು, ಹಿಮ್ಮೇಳದವರು ಸೊಲ್ಲು ಕೊಡುವುದು ನೆನಪಾಗದೆ ಇರುವುದಿಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ. ಜನಪದವೆಂದು ವೇದಿಕೆಗೆ ಬರುವುದು ಹಾಡು, ತಾಳ. ನುಡಿಸುವವರು ಬರುವುದು ಅಪರೂಪ. ನಮ್ಮ ಸೀಮೆಯಲ್ಲಿ ವಾಲಗವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರಲ್ಲಿ ಸವಿತಾ ಸಮಾಜದವರು ಬಹಳ ಜನ. ತಮಟೆಯನ್ನು ಉಳಿಸಿದವರು ದಲಿತರು. ಮಂಗಳವಾದ್ಯವೆಂದು ವಾದ್ಯಕ್ಕೆ ಪೂಜೆ, ಊದುವವರಿಗೆ ಮಂಟಪದ ಮೂಲೆಯ ಚಾಪೆ, ಕೊನೆಯ ಪಂಕ್ತಿಯ ಊಟ. ಇದು ಎಷ್ಟೋ ಮದುವೆಗಳಲ್ಲಿ ನಡೆದುಕೊಂಡು ಬಂದ ರೀತಿ. ಓಲಗ ಎಂಬ ಪದದಲ್ಲಿ ಊಳಿಗದ ಅರ್ಥ ಸೇರಿಕೊಂಡಿತ್ತಲ್ಲ, ಅದು ಪದದಿಂದ ಹೋದರೂ ನಮ್ಮ ನಡವಳಿಕೆಯಿಂದ ಹೋಗಲಿಲ್ಲ. ಧ್ವನಿವರ್ಧಕದ ಎದುರು ‘ಫ್ಯೂಷನ್’ ಎಂದು ಚಪ್ಪಾಳೆ ಗಿಟ್ಟಿಸುವ ಅದೇ ಬಿರುಸಿನ ಡೋಲು, ಛತ್ರದಲ್ಲಿ ಮೊಳಗುವಾಗ ಯಾರೂ ತಲೆಯೆತ್ತಿ ನೋಡುವುದಿಲ್ಲ. ಮೈಸೂರಿನ ಸುತ್ತ ಈಗ ನಾಗಸ್ವರದ ಜೊತೆಗೇ ಸ್ಯಾಕ್ಸೋಫೋನ್ ಹಿಡಿದ ವಾಲಗದವರು ಇದ್ದಾರೆ. ಕರಾವಳಿಯಲ್ಲಿ ಹೆಣ್ಣುಮಕ್ಕಳೂ ಸ್ಯಾಕ್ಸೋಫೋನ್ ನುಡಿಸುತ್ತಾರೆ. ಜಾಝ್, ಜನಪದ, ಫಂಕ್ ಬೆರೆಸುವ ಸಂಜೆಯೊಂದನ್ನು ಏರ್ಪಡಿಸುವವರು ಮೊದಲ ವೀಳ್ಯ ಕೊಡಬೇಕಾದದ್ದು ಇವರಿಗೆ. ಅದೂ ಆರಂಭದ ಹತ್ತು ನಿಮಿಷದ ಸ್ವಾಗತಕ್ಕಲ್ಲ, ರಾತ್ರಿಯ ನಡುಭಾಗಕ್ಕೆ.

ವೀರನಹೊಸಹಳ್ಳಿಗೆ ಬಂದರೆ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಇದು ನಾಗರಹೊಳೆಯ ಬಾಗಿಲು. ಸಂಜೆಯಾದ ಮೇಲೆ ಅರಣ್ಯ ಇಲಾಖೆಯ ಗೇಟು ಬೀಳುತ್ತದೆ, ಕುಟ್ಟದ ಕಡೆಯ ರಸ್ತೆ ರಾತ್ರಿಯಿಡೀ ಆನೆ, ಕಾಟಿಗಳದ್ದು. ಇಲ್ಲಿ ಎದೆ ನಡುಗಿಸುವ ಸೌಂಡ್ ಸಿಸ್ಟಮ್ ಹಾಕಿ ಬ್ಯಾಂಡ್ ಕುಣಿಸುವುದು ತಪ್ಪು. ರಾತ್ರಿ ಹತ್ತರ ನಂತರವಂತೂ ದೇಶದ ಎಲ್ಲ ಕಡೆಯೂ ಬಯಲಲ್ಲಿ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ನಿಷೇಧವಿದೆ. ಕಾಡಂಚಿನಲ್ಲಿ ಸಂಗೀತ ಬೇಕಾದರೆ ಹಗಲಿರುವಾಗ, ವಿದ್ಯುತ್ತಿಲ್ಲದ ವಾದ್ಯಗಳಿಂದ ಆಗಲಿ. ಸುತ್ತಲಿನ ಹಾಡಿಗಳಲ್ಲಿರುವ ಜೇನುಕುರುಬರು ಅದನ್ನು ಬಲ್ಲವರು. ಕಾಡಿನ ಆಚೆ ಬದಿಯ ದೇವರಪುರದಲ್ಲಿ ಮೇ ತಿಂಗಳ ಕುಂಡೆ ಹಬ್ಬಕ್ಕೆ ಅವರು ವೇಷ ಹಾಕಿ, ಸೋರೆ ಬುರುಡೆ, ಡಬ್ಬ, ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸುತ್ತ, ದೇವರನ್ನೂ ದಾರಿಹೋಕರನ್ನೂ ಬೈಯುತ್ತ ಕುಣಿಯುತ್ತಾರೆ. ಓಲೈಕೆಯ ಸೋಂಕೇ ಇಲ್ಲದ ಸಂಗೀತ ಅದು.

ಅದೇ ಕಾಡು ದಾಟಿದರೆ ಕೊಡಗಿನಲ್ಲಿ ಪದ ಮತ್ತೆ ಮಗ್ಗುಲು ಬದಲಿಸುತ್ತದೆ. ಕೊಡವರಲ್ಲಿ ಕೊಂಬ್, ಕೊಟ್ಟ್, ವಾಲಗ ಒಂದೇ ಉಸಿರಿನ ಮಾತು. ಮದುವೆಯ ದಿಬ್ಬಣ ಬಂದು ಒಡಿಕತ್ತಿಯಿಂದ ಬಾಳೆ ಕಡಿಯುವಾಗ ವಾಲಗ ಮೊಳಗಲೇಬೇಕು. ಆ ಲಯಕ್ಕೆ ಕುಣಿಯುವುದಕ್ಕೆ ‘ವಾಲಗತ್ತಾಟ್’ ಎಂದು ಬೇರೆಯೇ ಹೆಸರಿದೆ, ಪೈಪೋಟಿಗಳೂ ನಡೆಯುತ್ತವೆ. ಅಜ್ಜಿಯರು, ಮೊಮ್ಮಕ್ಕಳು ಒಂದೇ ಸಾಲಿನಲ್ಲಿ ಕೈಯೆತ್ತಿ ಹೆಜ್ಜೆ ಹಾಕುತ್ತಾರೆ. ಕುರ್ಚಿಯಲ್ಲಿ ಕೂತೇ ಇರುವವರು ಕಂಡರೆ ಯಾರಾದರೊಬ್ಬರು ಬಂದು ಕೈಹಿಡಿದು ಎಬ್ಬಿಸಿಕೊಂಡು ಹೋಗುತ್ತಾರೆ.